ಬರಿಗೈಯ ಪಾಠ

ಲಾಡ್ಜು ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನ ಕಣ್ಣ ಮುಂದೆ ನಿಲ್ಲುವುದು ಬಸ್ ನಿಲ್ದಾಣದ ಎದುರಿನ ಬೋರ್ಡು, ಬಾಡಿಗೆಯ ಕೋಣೆ, ಬೀಗದ ಕೈಗೆ ಕಟ್ಟಿದ ನಂಬರಿನ ಬಿಲ್ಲೆ. ಆ ಲಾಡ್ಜಿಗೂ, ಹಳೆಯ ದಂಡುಪ್ರದೇಶಗಳಲ್ಲಿ ಮರಗಳ ನಡುವೆ ಬಾಗಿಲು ಮುಚ್ಚಿಕೊಂಡು ನಿಂತಿರುವ ಫ್ರೀಮೇಸನರ ಲಾಡ್ಜಿಗೂ ಹೆಸರೊಂದೇ ಸಮಾನ. ಎರಡನೆಯದರಲ್ಲಿ ಕೋಣೆ ದೊರೆಯುವುದಿಲ್ಲ. ಒಳಗೆ ನಡೆಯುವುದೇನೆಂಬುದು ಬೀದಿಯವರಿಗೆ ತಿಳಿಯುವುದೂ ಇಲ್ಲ. ತಿಳಿಯದ ಕಡೆ ಕಲ್ಪನೆಗೆ ಕೆಲಸ ಹೆಚ್ಚು. ಉತ್ತರ ಹಿಂದುಸ್ಥಾನದ ಜನ ಇಂಥ ಕಟ್ಟಡವನ್ನು ‘ಜಾದೂ ಘರ್’ ಎಂದೇ ಕರೆದರು. ರುಡ್ಯಾರ್ಡ್ ಕಿಪ್ಲಿಂಗನ ‘ಕಿಮ್’ ಕಾದಂಬರಿಯಲ್ಲಿ (1901) ಆ ಹೆಸರು ಇಂದಿಗೂ ಉಳಿದುಕೊಂಡಿದೆ. ಕಿಪ್ಲಿಂಗನಿಗೆ ಒಳಗಿನ ಸಂಗತಿ ತಿಳಿಯದೇನೂ ಇರಲಿಲ್ಲ. 1886ರಲ್ಲಿ ಲಾಹೋರಿನ ಲಾಡ್ಜೊಂದರಲ್ಲಿ ಅವನೇ ದೀಕ್ಷೆ ಪಡೆದಿದ್ದ.

ಜಾದೂ ನೋಡಲೆಂದು ಒಳಗೆ ಹೋದವನಿಗೆ ನಿರಾಶೆಯೇ ಆದೀತು. ಮಧ್ಯಯುಗದ ಯೂರೋಪಿನ ಕಲ್ಲುಕುಟಿಗರ ಸಂಪ್ರದಾಯದಿಂದ ಚಿಹ್ನೆಗಳನ್ನು ಕಡ ತಂದು, ಮೂಲೆಮಟ್ಟ, ಕೈವಾರ, ತೂಗುಗುಂಡುಗಳನ್ನು ಮನುಷ್ಯನ ನಡತೆಗೆ ಅಳತೆಗಳನ್ನಾಗಿ ಮಾಡಿಕೊಂಡ ಸೋದರ ಸಂಘವಿದು. ಲಂಡನ್ನಿನ ನಾಲ್ಕು ಲಾಡ್ಜುಗಳು 1717ರಲ್ಲಿ ಒಂದುಗೂಡಿ ಮಹಾಲಾಡ್ಜನ್ನು ಕಟ್ಟಿದುವೆಂದು ಆ ಸಂಘದ ಪರಂಪರೆ ಹೇಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯವರ ಬೆನ್ನ ಹಿಂದೆಯೇ ಅದು 1730ರ ಸುಮಾರಿಗೆ ಕಲ್ಕತ್ತೆಗೂ ಬಂದಿತು.

ಈ ಸಂಘದ ದಾನಧರ್ಮದ ಮೂಲವನ್ನು ಹುಡುಕುವವರು ಅದರ ಲೆಕ್ಕದ ಪುಸ್ತಕವನ್ನು ತೆರೆಯಬೇಕಾಗಿಲ್ಲ. ಹೊಸದಾಗಿ ಸೇರಬಂದವನ ಜೇಬನ್ನು ನೋಡಿದರೆ ಸಾಕು. ದೀಕ್ಷೆಗೆ ಬಂದವನು ಒಳಗೆ ಕಾಲಿಡುವ ಮೊದಲು ನಾಣ್ಯ, ಉಂಗುರ, ಗಡಿಯಾರ ಮೊದಲಾದ ಲೋಹದ ವಸ್ತುಗಳನ್ನೆಲ್ಲ ಹೊರಗೆ ಬಿಟ್ಟು ಬರಬೇಕು. ಜಮೀನುದಾರನಾಗಲಿ, ಗುಮಾಸ್ತೆಯಾಗಲಿ, ನ್ಯಾಯಾಧೀಶನಾಗಲಿ, ಆ ಗಳಿಗೆಯಲ್ಲಿ ಎಲ್ಲರ ಕೈಯೂ ಬರಿದು. ವಿಧಿಗಳು ನಡೆಯುತ್ತಿರುವಾಗ ಅವನ ಮುಂದೆ ಒಂದು ಬೇಡಿಕೆ ಬರುತ್ತದೆ: ಕಷ್ಟದಲ್ಲಿರುವವರಿಗಾಗಿ ಏನನ್ನಾದರೂ ಕೊಡಬೇಕು. ಕೊಡುವ ಮನಸ್ಸುಂಟು, ಕೈಯಲ್ಲಿ ಕಾಸಿಲ್ಲ. ನೆರೆದವರೆಲ್ಲರೂ ನೋಡುತ್ತಿರುವಂತೆ ಅವನು ‘ಇಲ್ಲ’ ಎನ್ನಬೇಕಾಗುತ್ತದೆ.

ಇದು ಹಾಸ್ಯಕ್ಕಾಗಿ ಮಾಡಿದ್ದಲ್ಲವೆಂದು ಆಮೇಲೆ ಅವನಿಗೆ ತಿಳಿಸುತ್ತಾರೆ. ಮುಂದೆಂದಾದರೂ ಕಷ್ಟಕ್ಕೆ ಸಿಕ್ಕಿದ ಸೋದರನೊಬ್ಬನು ಎದುರಿಗೆ ಬಂದು ನಿಂತಾಗ, ತಾನೂ ಹೀಗೆ ಬರಿಗೈಯಲ್ಲಿ ನಿಂತಿದ್ದ ಗಳಿಗೆಯನ್ನು ಅವನು ನೆನೆಯಬೇಕು. ಇಲ್ಲದವನ ನಾಲಗೆಗೆ ‘ಇಲ್ಲ’ ಎಂಬ ಮಾತು ಎಷ್ಟು ಭಾರವೆಂಬುದನ್ನು ಉಪದೇಶದಿಂದ ತಿಳಿಸಲಾಗದು. ಅದನ್ನು ಒಮ್ಮೆ ಆಡಿಯೇ ತಿಳಿಯಬೇಕು. ಉಳ್ಳವನಿಗೆ ಆ ಮಾತನ್ನು ಒಮ್ಮೆಯಾದರೂ ಆಡಿಸುವುದೇ ಈ ವಿಧಿಯ ಸಾರ.

ಕೊಡುವ ರೀತಿಯೂ ಈ ಪಾಠಕ್ಕೆ ತಕ್ಕಂತೆಯೇ ಇದೆ. ಸಭೆಯಲ್ಲಿ ಧರ್ಮದ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ. ಫ್ರಾನ್ಸಿನ ಲಾಡ್ಜುಗಳಲ್ಲಿ ಅದಕ್ಕೆ ‘ವಿಧವೆಯ ಪೆಟ್ಟಿಗೆ’ ಎಂದು ಹೆಸರು. ಮುಚ್ಚಿದ ಮುಷ್ಟಿ ಒಳಗೆ ಹೋಗುತ್ತದೆ, ಬರಿದಾದ ಕೈ ಹೊರಗೆ ಬರುತ್ತದೆ; ಯಾರು ಎಷ್ಟು ಹಾಕಿದರೆಂಬುದು ಪಕ್ಕದವನಿಗೂ ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳುವ ಮಾತಿಗೆ ಇಲ್ಲಿ ಒಂದು ಚೀಲವನ್ನೇ ಹೊಲಿದುಕೊಟ್ಟಂತಾಗಿದೆ. ಇಂಗ್ಲಿಷ್ ಪದ್ಧತಿಯ ಲಾಡ್ಜುಗಳಲ್ಲಿ ‘ಆಲ್ಮನರ್’ ಎಂಬ ಅಧಿಕಾರಿಯೊಬ್ಬನುಂಟು. ಸಭೆಗೆ ಬರುತ್ತಿದ್ದವನು ಏಕೆ ಬರಲಿಲ್ಲ, ಯಾರ ಮನೆಯಲ್ಲಿ ಕಾಯಿಲೆ, ತೀರಿಕೊಂಡ ಸದಸ್ಯನ ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಹೋಗಿ ವಿಚಾರಿಸುವುದು ಅವನ ಕೆಲಸ. ಕೇಳುವ ಮೊದಲೇ ತಿಳಿದುಕೊಂಡರೆ ಕೇಳಬೇಕಾದವನ ಅರ್ಧ ಸಂಕಟ ಕಳೆದಂತೆ.

ಕನ್ನಡ ನಾಡಿಗೆ ದಾನವೇನೂ ಹೊಸದಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ ಸಾವಿರ ವರ್ಷಗಳಿಂದ ‘ದಾನಚಿಂತಾಮಣಿ’ ಎಂದೇ ಕೀರ್ತಿತೆ. ಕೆರೆ ಕಟ್ಟಿಸಿದವರ, ಭೂಮಿ ಬಿಟ್ಟವರ ಹೆಸರು ಶಾಸನದ ಕಲ್ಲಿನಲ್ಲಿ ನಿಂತಿತು. ಆ ದಾನಕ್ಕೆ ತಪ್ಪಿದವರಿಗೆ ಶಾಪವನ್ನೂ ಅದೇ ಕಲ್ಲು ಹೊತ್ತಿತು. ಹೆಸರು ಕೆತ್ತಿಸುವುದು ದೋಷವಲ್ಲ. ಆ ಕಲ್ಲುಗಳಿಲ್ಲದಿದ್ದರೆ ನಾಡಿನ ಚರಿತ್ರೆಯ ಎಷ್ಟೋ ಪುಟಗಳು ಖಾಲಿಯಾಗಿ ಉಳಿಯುತ್ತಿದ್ದುವು. ಆದರೆ ಕೊಟ್ಟವನ ಹೆಸರಿನೊಡನೆ ತೆಗೆದುಕೊಂಡವನ ಮುಖವೂ ಊರಿಗೆಲ್ಲ ಕಾಣುವಾಗ ತೊಡಕು ಮೊದಲಾಗುತ್ತದೆ.

ವಾರಾನ್ನ ಉಂಡು ಓದಿದ ಹುಡುಗರ ಪೀಳಿಗೆಗೆ ಈ ತೊಡಕು ಚೆನ್ನಾಗಿ ತಿಳಿದಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅನ್ನವಿಕ್ಕಿದ ಆ ಕೈಗಳು ಪುಣ್ಯದ ಕೈಗಳೆಂಬುದರಲ್ಲಿ ಸಂದೇಹವಿಲ್ಲ. ಆ ಮನೆಗಳಿಲ್ಲದಿದ್ದರೆ ಎಷ್ಟೋ ಮಂದಿ ವಕೀಲರಾಗಲಿ ಮೇಷ್ಟರಾಗಲಿ ಆಗುತ್ತಿರಲಿಲ್ಲ. ಆದರೂ, ಬುಧವಾರದ ಮನೆಯ ಒಡತಿಯ ಮುಖ ಸಪ್ಪಗಿದ್ದ ದಿನ ಇನ್ನೊಂದು ತುತ್ತು ಬೇಕೆಂದು ಕೇಳಲಾರದೆ ಎಲೆ ಬಿಟ್ಟೆದ್ದ ಹುಡುಗನ ಹಸಿವಿನ ಲೆಕ್ಕ ಯಾವ ಶಾಸನದಲ್ಲಿಯೂ ಇಲ್ಲ. ಮುಷ್ಟಿಯನ್ನು ಮರೆಮಾಡುವ ಚೀಲಕ್ಕೆ ಬೆಲೆ ಬರುವುದು ಇಂಥ ಹಸಿವಿನ ಮುಂದೆ.

ಇಷ್ಟಕ್ಕೆ ನಿಲ್ಲಿಸಿದರೆ ಲಾಡ್ಜಿನ ಕಥೆ ಅರ್ಧವೇ ಆದೀತು. ಸೋದರರೆಂದು ಕೆಲವರನ್ನು ಕರೆದೊಡನೆ ಉಳಿದವರು ಗೋಡೆಯ ಆಚೆಗೆ ಉಳಿಯುತ್ತಾರೆ. ಬಾರ್ತಲೋಮಿಯೊ ರಸ್ಪಿನಿ ಎಂಬ ದಂತವೈದ್ಯನ ಪ್ರಯತ್ನದಿಂದ 1788ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದು ಹುಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಅದು ಫ್ರೀಮೇಸನರ ಹೆಣ್ಣುಮಕ್ಕಳಿಗೆ ಮಾತ್ರ. ಅವರಿಗೂ ಮೊದಮೊದಲು ದೊರೆತದ್ದು ಮನೆಗೆಲಸದ ಚಾಕರಿಗೆ ಬೇಕಾಗುವಷ್ಟು ಶಿಕ್ಷಣ. ಲಾಡ್ಜಿನ ಸಂಬಂಧವೇ ಇಲ್ಲದ ಮನೆಗಳ ಹುಡುಗಿಯರಿಗೆ ಆ ಶಾಲೆಯ ಬಾಗಿಲು ತೆರೆದದ್ದು ಬಹುಕಾಲದ ಮೇಲೆ.

ಹಿಂದುಸ್ಥಾನದಲ್ಲಿ ಗೋಡೆ ಇನ್ನೂ ಎತ್ತರವಾಗಿತ್ತು. ಆರ್ಕಾಟಿನ ನವಾಬನ ಮಗ 1770ರ ದಶಕದಲ್ಲಿಯೇ ದೀಕ್ಷೆ ಪಡೆದಿದ್ದನೆಂಬುದು ನಿಜ. ಅರಮನೆಯವನಿಗೆ ತೆರೆದ ಬಾಗಿಲು ಊರಿನವರಿಗೆ ತೆರೆಯಲಿಲ್ಲ. ಮುಂಬಯಿಯ ಪಾರ್ಸಿ ಗೃಹಸ್ಥರಾದ ಮಾಣಿಕ್‌ಜೀ ಕರ್ಸೆಟ್‌ಜೀ ಅವರಿಗೆ ಸ್ವಂತ ಊರಿನಲ್ಲಿ ಪ್ರವೇಶ ದೊರೆಯಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಅಲ್ಲಿ ದೀಕ್ಷೆ ಪಡೆದು ಬಂದರು. ಹುಟ್ಟಿದೂರಿನಲ್ಲಿ ಸೋದರನಾಗಲಾರದವನು ಹಡಗೇರಿ ಹೋಗಿ ಸೋದರನಾಗಿ ಬರಬೇಕಾಯಿತು! ಕೊನೆಗೆ 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ವೈದ್ಯನು ಈ ದೇಶದವರನ್ನು ಸೇರಿಸಿಕೊಳ್ಳಲೆಂದೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜನ್ನು ಸ್ಥಾಪಿಸಿದನು. ಬಾಗಿಲ ಹೊರಗೆ ನಿಂತ ಅನುಭವವುಳ್ಳ ಮಾಣಿಕ್‌ಜೀ ಅವರು ಮುಂದೆ 1863ರಲ್ಲಿ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗಾಗಿ ಅಲೆಕ್ಸಾಂಡ್ರಾ ಶಾಲೆಯನ್ನು ತೆರೆದರು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರೆಂಬ ಹಿಂದೂ ಗೃಹಸ್ಥರು ವರ್ಷಗಟ್ಟಲೆ ಕಾದು, 1872ರಲ್ಲಿ ಒಳಗೆ ಬಂದರು.

ಒಂದು ಬಾಗಿಲು ಇಂದಿಗೂ ಅರೆಮುಚ್ಚಿದೆ. ಯಾವ ವಿಧವೆಯ ಹೆಸರಿನಲ್ಲಿ ಪೆಟ್ಟಿಗೆ ತಿರುಗುತ್ತದೆಯೋ, ಯಾವ ವಿಧವೆಯ ಮನೆಗೆ ಆಲ್ಮನರ್ ಹೋಗಿ ಬರುತ್ತಾನೆಯೋ, ಅವಳಿಗೆ ಭಾರತದ ಮಹಾಲಾಡ್ಜಿನ ಆಸನಗಳಲ್ಲಿ ಸ್ಥಾನವಿಲ್ಲ. ಅಲ್ಲಿ ಸದಸ್ಯರೆಲ್ಲರೂ ಗಂಡಸರು. ಹೆಂಗಸರ ಲಾಡ್ಜುಗಳು ಕೆಲವು ದೇಶಗಳಲ್ಲಿ ಬೇರೆಯಾಗಿ ಬೆಳೆದಿವೆ. ಸಹಾಯ ಪಡೆಯಲು ಅರ್ಹಳಾದವಳು ಸಹಾಯದ ವಿಚಾರ ನಿರ್ಣಯಿಸಲೂ ಅರ್ಹಳಲ್ಲವೆ ಎಂದು ಯಾವಳಾದರೊಬ್ಬ ಗೃಹಿಣಿ ಕೇಳಿದರೆ, ಸೋದರರು ಸಮಾಧಾನ ಹೇಳಲು ತುಸು ತಡವರಿಸಬೇಕಾದೀತು.

ಗೋಡೆಯನ್ನು ದಾಟಿ ಹೊರಗೆ ಬಂದ ದಾನದ ಉದಾಹರಣೆಯೂ ಇದೇ ಬಳಗದಲ್ಲಿದೆ. ಅಮೆರಿಕದ ಶ್ರೈನರರು ಫ್ರೀಮೇಸನರೇ. ಕೆಂಪು ಕುಂಚದ ಟೋಪಿ, ವಾದ್ಯಮೇಳ, ಮೆರವಣಿಗೆಗಳಿಗೆ ಹೆಸರಾದವರು. 1920ರಲ್ಲಿ ಪೋರ್ಟ್‌ಲೆಂಡಿನಲ್ಲಿ ಅವರ ವಾರ್ಷಿಕ ಸಭೆ ನಡೆಯಿತು. ಅಂಗವಿಕಲ ಮಕ್ಕಳಿಗೆ ಆಸ್ಪತ್ರೆ ಕಟ್ಟಬೇಕೆಂಬ ಸಲಹೆಗೆ ಕೆಲವರು ಹಿಂದೆಮುಂದೆ ನೋಡುತ್ತಿದ್ದರು. ಆಗ ಅಟ್ಲಾಂಟದ ಫಾರೆಸ್ಟ್ ಅಡೇರ್ ಎದ್ದು, ಮುಂಜಾವದಲ್ಲಿ ನಿದ್ದೆ ಬಾರದೆ ಮಲಗಿದ್ದಾಗ ಬೀದಿಯಲ್ಲಿ ಯಾರೋ ಒಬ್ಬ ವಾದ್ಯಗಾರ ನೀರುಗುಳ್ಳೆಗಳನ್ನು ಊದುವ ಹಾಡನ್ನು ನುಡಿಸುತ್ತ ಹೋದುದನ್ನು ನೆನೆದನು. ಹಾಡಿಗೂ ಮೇಳಕ್ಕೂ ಹಣ ಸುರಿದವರು ಇನ್ನೂ ಗುಳ್ಳೆ ಊದುತ್ತಲೇ ಇರಬೇಕೆ ಎಂಬುದು ಅವನ ಮಾತಿನ ತಿರುಳು. ಸಭೆ ಒಪ್ಪಿತು, ಸದಸ್ಯನೊಬ್ಬನಿಗೆ ವರ್ಷಕ್ಕೆ 2 ಡಾಲರುಗಳ ವಂತಿಗೆ ನಿಗದಿಯಾಯಿತು. 1922ರಲ್ಲಿ ಲೂಸಿಯಾನದ ಶ್ರೀವ್‌ಪೋರ್ಟಿನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಮಗುವಿನ ತಂದೆ ಲಾಡ್ಜಿನವನೇ ಎಂದು ಅಲ್ಲಿ ಕೇಳುತ್ತಿರಲಿಲ್ಲ. ಆಸ್ಪತ್ರೆಯನ್ನು ಕಟ್ಟಿದ್ದು ಯಾವ ಕೋಟ್ಯಧೀಶನ ಒಂದು ಚೆಕ್ಕೂ ಅಲ್ಲ, ಮರೆತರೂ ತಿಳಿಯದಷ್ಟು ಚಿಕ್ಕ ಹಣವನ್ನು ಮರೆಯದೆ ಕೊಟ್ಟ ಸಾವಿರಾರು ಜನರ ಅಭ್ಯಾಸ.

ಭಾರತದ ಮಹಾಲಾಡ್ಜು 1961ರ ನವೆಂಬರ್ 24ರಂದು ದೆಹಲಿಯಲ್ಲಿ ಸ್ಥಾಪಿತವಾಯಿತು. ಒಂದು ಕಾಲಕ್ಕೆ ಬಾಗಿಲಲ್ಲಿ ಕಾಯಿಸಲ್ಪಟ್ಟವರ ದೇಶದವರೇ ಅದರ ಪೀಠದಲ್ಲಿ ಕುಳಿತರು. ಈಗ ಹೊಸಬನ ಜೇಬನ್ನು ಬರಿದು ಮಾಡಿಸುವವರೂ ಅವರೇ.

ಮಧ್ಯಮ ವರ್ಗದ ಗೃಹಸ್ಥನಿಗಾದರೋ ಈ ದೀಕ್ಷೆಗಾಗಿ ಯಾವ ಲಾಡ್ಜಿನ ಮೆಟ್ಟಿಲನ್ನೂ ಏರಬೇಕಾದ ಅಗತ್ಯವಿಲ್ಲ. ಪ್ರತಿ ತಿಂಗಳೂ ಇಪ್ಪತ್ತೈದನೆಯ ತಾರೀಖಿನ ಹೊತ್ತಿಗೆ ಅವನ ಜೇಬು ತಾನಾಗಿಯೇ ಬರಿದಾಗಿರುತ್ತದೆ. ಅನಾಥಾಲಯದ ರಸೀತಿ ಪುಸ್ತಕ ಹಿಡಿದವರು ಬಾಗಿಲು ತಟ್ಟುವುದೂ ಆಗಲೇ. ‘ಮುಂದಿನ ತಿಂಗಳು ಬನ್ನಿ’ ಎನ್ನುವಾಗ ಅವನ ಮುಖ ಸಣ್ಣದಾಗುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಇಲ್ಲದವನ ಕಷ್ಟ ಪೂರ್ತಿಯಾಗಿ ಅರ್ಥವಾಗಿರುತ್ತದೆ. ಆದರೆ ಒಂದನೆಯ ತಾರೀಖು ಸಂಬಳ ಕೈಗೆ ಬಂದೊಡನೆ ಮೊದಲು ಮರೆತುಹೋಗುವುದು ಆ ಮುಖವೇ.