ಅಂತರಗಂಗೆ ಬೆಟ್ಟ ಜ್ವಾಲಾಮುಖಿಯೇ?

ಮಕ್ಕಳೇ, ಜ್ವಾಲಾಮುಖಿಯ ಮೇಲೆ ಒಂದು ರಾತ್ರಿ ಮಲಗುವುದನ್ನು ಊಹಿಸಿಕೊಳ್ಳಬಲ್ಲಿರಾ? ಹಾಗೆ ಮಲಗುವವರು ನಿಜವಾಗಿಯೂ ಇದ್ದಾರೆ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಅಕಟೆನಾಂಗೊ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಎತ್ತರ 3,976 ಮೀಟರ್. ಪ್ರವಾಸಿಗಳು ಅದರ ಇಳಿಜಾರಿನಲ್ಲಿ ಗುಡಾರ ಹಾಕಿಕೊಂಡು ಸೂರ್ಯಾಸ್ತ ನೋಡುತ್ತಾರೆ. ಬೆಳಿಗ್ಗೆ ಎದ್ದು ತುದಿ ಹತ್ತಿ ಸೂರ್ಯೋದಯ ನೋಡುತ್ತಾರೆ. ಪಕ್ಕದಲ್ಲೇ ಫ್ಯೂಗೊ ಎಂಬ ಇನ್ನೊಂದು ಜ್ವಾಲಾಮುಖಿ. ಆ ಹೆಸರಿನ ಅರ್ಥ 'ಬೆಂಕಿ'. ಅದು ಎಚ್ಚರವಾಗಿರುವ ರಾತ್ರಿಗಳಲ್ಲಿ ಕೆಂಡದಂಥ ಕಲ್ಲುಗಳನ್ನು ಮೇಲಕ್ಕೆ ಚಿಮ್ಮುವುದು ಗುಡಾರದಿಂದಲೇ ಕಾಣುತ್ತದೆ.

ಕೇಳುವುದಕ್ಕೆ ಚೆಂದ. ಆದರೆ ಜ್ವಾಲಾಮುಖಿ ಯಾವಾಗ ಏಳುತ್ತದೆ ಎಂದು ಹೇಳುವುದು ಸುಲಭವಲ್ಲ. ಜಪಾನಿನ ಒಂಟಾಕೆ ಪರ್ವತ 2014ರ ಸೆಪ್ಟೆಂಬರ್ 27ರಂದು ಇದ್ದಕ್ಕಿದ್ದಂತೆ ಸಿಡಿಯಿತು. ಅಂದು ಬೆಟ್ಟ ಹತ್ತಿದ್ದವರಲ್ಲಿ 63 ಮಂದಿ ಸತ್ತರು ಅಥವಾ ಕಾಣೆಯಾದರು.

ಹಾಗಾದರೆ ನಮ್ಮ ದೇಶದಲ್ಲಿ? ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ ಜೀವಂತ ಜ್ವಾಲಾಮುಖಿ ಇದೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಸಿಡಿಯಿತು. ಅಲ್ಲಿ ಜನವಸತಿ ಇಲ್ಲ. ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿ ಒಂದೂ ಇಲ್ಲ. ಆದರೆ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳು ಜ್ವಾಲಾಮುಖಿಯಿಂದ ಬಂದವು ಎಂದು ಹೇಳುವವರುಂಟು, ಬರೆದವರೂ ಉಂಟು. ಇದು ನಿಜವೇ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ನನ್ನ ಅಣ್ಣನ ಮಗಳು. ಹಲಸೂರಿನಲ್ಲಿ ಏಳನೆಯ ತರಗತಿ ಓದುತ್ತಿದ್ದಳು. "ಚಿಕ್ಕಪ್ಪ, ಅಲ್ಲಿ ರಾತ್ರಿ ಇದ್ದು ನೋಡೋಣ. ನನ್ನ ಗೆಳತಿಗೆ ಜ್ವಾಲಾಮುಖಿ ಕಲ್ಲು ತಂದುಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ" ಎಂದಳು. ಗೆಳತಿಗೂ ಬರುವ ಆಸೆ ಬಹಳ ಇತ್ತು. ಆದರೆ ಅವಳ ಅಮ್ಮ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುವವರು. ಬೆಳಗಿನ ಜಾವ ನಾಲ್ಕಕ್ಕೇ ಮನೆ ಬಿಡಬೇಕು. ಮನೆಯಲ್ಲಿ ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳುವವಳು ಈ ಹುಡುಗಿಯೇ. ಹಾಗಾಗಿ ಒಂದು ಉಪಾಯ ಮಾಡಿದೆವು. ಸೂರ್ಯ ಮೂಡುವ ಹೊತ್ತನ್ನು ನಾವು ಬೆಟ್ಟದ ಮೇಲಿಂದ ಗುರುತು ಹಾಕಿಕೊಳ್ಳುವುದು, ಅವಳು ತನ್ನ ಮನೆಯ ತಾರಸಿಯಿಂದ ಗುರುತು ಹಾಕಿಕೊಳ್ಳುವುದು. ಬೆಟ್ಟಕ್ಕೆ ಬಾರದೆಯೇ ಅವಳೂ ನಮ್ಮ ತಂಡದವಳಾದಳು.

ಜನವರಿ ತಿಂಗಳ ಒಂದು ಶನಿವಾರ ಕೃಷ್ಣರಾಜಪುರದಲ್ಲಿ ಕೋಲಾರದ ಬಸ್ಸು ಹತ್ತಿದೆವು. ಹಲಸೂರಿನಿಂದ ಪೂರ್ವಕ್ಕೆ ಹೊರಡುವ ಹಳೆ ಮದ್ರಾಸ್ ರಸ್ತೆಯೇ ಹೊಸಕೋಟೆ ದಾಟಿ ಕೋಲಾರದ ಕಡೆಗೆ ಹೋಗುತ್ತದೆ. ಬೆಟ್ಟದ ಮೇಲೆ ತೇರಹಳ್ಳಿ ಎಂಬ ಊರಿದೆ. ಅಲ್ಲಿ ಪರಿಚಯದವರ ಮನೆಯ ಜಗಲಿಯಲ್ಲಿ ನಮಗೆ ಮಲಗಲು ಜಾಗವಿತ್ತು. ಕೆಳಗೆ ಕಾಶಿ ವಿಶ್ವೇಶ್ವರ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಮಳೆ ನೀರು ಬಂಡೆಗಳ ಬಿರುಕಿನಲ್ಲಿ ಇಳಿದು, ನಿಧಾನವಾಗಿ ಒಸರಿ, ಇಲ್ಲಿ ಹೊರಬರುತ್ತದೆ. ಅದರಿಂದಲೇ ಅಂತರಗಂಗೆ ಎಂಬ ಹೆಸರು.

ಮೆಟ್ಟಿಲು ಹತ್ತುವಾಗಲೇ ಪರೀಕ್ಷೆ ಆರಂಭವಾಯಿತು. ನಾನು ಅವಳ ಕೈಗೆ ಒಂದು ಭೂತಗನ್ನಡಿ ಕೊಟ್ಟೆ. "ಕಲ್ಲಿನಲ್ಲಿ ಹರಳುಗಳು ಕಾಣುತ್ತವೆಯೇ, ನೋಡು" ಎಂದೆ.

ಹರಳು ಏಕೆ ಮುಖ್ಯ ಗೊತ್ತೇ? ಕಲ್ಲುಸಕ್ಕರೆಯನ್ನು ನೆನಪಿಸಿಕೊಳ್ಳಿ. ಸಕ್ಕರೆ ಪಾಕವನ್ನು ಅಲ್ಲಾಡಿಸದೆ ದಿನಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ದೊಡ್ಡ ದೊಡ್ಡ ಹರಳುಗಳು ಬೆಳೆಯುತ್ತವೆ. ಅದೇ ಕಾದ ಗಟ್ಟಿ ಪಾಕವನ್ನು ತಣ್ಣೀರಿಗೆ ಸುರಿದರೆ ಗಾಜಿನಂತೆ ಗಟ್ಟಿಯಾಗುತ್ತದೆ. ಹರಳು ಬೆಳೆಯಲು ಸಮಯವೇ ಸಿಗುವುದಿಲ್ಲ. ಶಿಲಾರಸವೂ ಹೀಗೆಯೇ. ಜ್ವಾಲಾಮುಖಿಯಿಂದ ಹೊರಗೆ ಬಿದ್ದ ಲಾವಾರಸ ಗಾಳಿಗೋ ನೀರಿಗೋ ತಗುಲಿ ಬೇಗ ತಣಿಯುತ್ತದೆ. ಅದರ ಹರಳುಗಳು ಬಹಳ ಸಣ್ಣವು, ಬರಿಗಣ್ಣಿಗೆ ಕಾಣುವುದು ಕಷ್ಟ. ಕೆಲವು ಕಲ್ಲುಗಳಲ್ಲಿ ಅನಿಲ ಹೊರಹೋದ ತೂತುಗಳೂ ಇರುತ್ತವೆ. ನೆಲದ ಆಳದಲ್ಲೇ ಉಳಿದ ಶಿಲಾರಸ ಲಕ್ಷಾಂತರ ವರ್ಷ ಆರುತ್ತದೆ. ಅದರ ಹರಳುಗಳು ದಪ್ಪ.

ಅಂತರಗಂಗೆಯ ಕಲ್ಲಿನಲ್ಲಿ ಅವಳಿಗೆ ಏನು ಕಂಡಿತು? ಗಾಜಿನ ಚೂರಿನಂಥ ಬೆಣಚು, ಬಿಳಿ ಮತ್ತು ನಸುಗೆಂಪು ಬಣ್ಣದ ಫೆಲ್ಡ್‌ಸ್ಪಾರ್, ಬಿಸಿಲಿಗೆ ಮಿನುಗುವ ಕಪ್ಪು ಅಭ್ರಕ. ಎಲ್ಲವೂ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವಷ್ಟು ದಪ್ಪ. ತೂತು ಒಂದೂ ಇಲ್ಲ. ಅಂದರೆ ಇದು ಲಾವಾ ಕಲ್ಲಲ್ಲ. ನೆಲದಾಳದಲ್ಲಿ ನಿಧಾನವಾಗಿ ತಣಿದ ಗ್ರಾನೈಟ್ ಜಾತಿಯ ಕಲ್ಲು. ಮೇಲಿದ್ದ ನೆಲ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಬೆಳಕಿಗೆ ಬಂದಿದೆ. ಬಂಡೆಗಳು ಗುಂಡಗಿರುವುದಕ್ಕೂ ಬೆಂಕಿ ಕಾರಣವಲ್ಲ. ಬಿಸಿಲು, ಮಳೆ ಮೂಲೆಗಳನ್ನು ಮೊದಲು ತಿನ್ನುತ್ತವೆ. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಲ್ಲು ಕಳಚುತ್ತದೆ. ಹೀಗೆ ಒಂದರ ಮೇಲೊಂದು ಕುಳಿತ ಬಂಡೆಗಳ ನಡುವಿನ ಸಂದುಗಳನ್ನೇ ಇಲ್ಲಿ ಗವಿಗಳೆನ್ನುತ್ತಾರೆ.

ಅವಳ ಮುಖ ಸಣ್ಣದಾಯಿತು. "ಹಾಗಾದ್ರೆ ಅವಳಿಗೆ ಏನು ತಗೊಂಡು ಹೋಗಲಿ?" ಎಂದಳು. ನಾನು ಸುಮ್ಮನಿದ್ದೆ.

ಆರು ಗಂಟೆಯಾಗುತ್ತಿತ್ತು. ಪಶ್ಚಿಮದಲ್ಲಿ ಸೂರ್ಯ ಕೆಂಪಾಗಿ ಇಳಿಯುತ್ತಿದ್ದ. ಸಂಜೆ ಸೂರ್ಯನ ಬೆಳಕು ನಮ್ಮ ಕಣ್ಣಿಗೆ ಬರಬೇಕಾದರೆ ಗಾಳಿಯ ಬಹಳ ಉದ್ದದ ದಾರಿ ದಾಟಬೇಕು. ದಾರಿಯಲ್ಲಿ ನೀಲಿ ಬೆಳಕು ಅತ್ತಿತ್ತ ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಸೂರ್ಯ ಮುಳುಗಿದ ಕೂಡಲೇ ನಾನು ಅವಳನ್ನು ಹಿಂದಕ್ಕೆ ತಿರುಗಿಸಿದೆ. ಪೂರ್ವ ದಿಗಂತದಲ್ಲಿ ಬೂದು ಮಿಶ್ರಿತ ನೀಲಿ ಪಟ್ಟಿಯೊಂದು ನಿಧಾನವಾಗಿ ಮೇಲೇರುತ್ತಿತ್ತು. ಅದರ ಮೇಲೆ ಗುಲಾಬಿ ಬಣ್ಣದ ಅಂಚು. "ಆ ನೀಲಿ ಪಟ್ಟಿ ಏನು, ಮೋಡಾನಾ?" ಎಂದಳು. ಅಲ್ಲ, ಅದು ಭೂಮಿಯ ನೆರಳು! ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಗ್ರಹಣ. ಅದೇ ನೆರಳು ದಿನಾ ಸಂಜೆ ನಮ್ಮ ಗಾಳಿಯ ಮೇಲೂ ಬೀಳುತ್ತದೆ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವುದರಿಂದ ನೋಡುವವರು ಕಡಿಮೆ.

ರಾತ್ರಿ ಮುದ್ದೆ, ಅವರೆಕಾಳಿನ ಸಾರು ಉಂಡು ಕಂಬಳಿ ಹೊದ್ದು ಜಗಲಿಯಲ್ಲಿ ಕುಳಿತಿದ್ದೆವು. ಗಂಟೆ ಒಂಬತ್ತಾಗಿರಬೇಕು. ಹುಡುಗಿ ಥಟ್ಟನೆ ಎದ್ದು ನಿಂತಳು. "ಚಿಕ್ಕಪ್ಪ, ಅಲ್ಲಿ ನೋಡಿ. ಅದು ಜ್ವಾಲಾಮುಖಿ ಅಲ್ವಾ?"

ಪಶ್ಚಿಮದಲ್ಲಿ, ಸಂಜೆ ಸೂರ್ಯ ಮುಳುಗಿದ್ದ ಜಾಗದಲ್ಲೇ, ಆಕಾಶದ ಬುಡ ಮಂಕಾಗಿ ಹೊಳೆಯುತ್ತಿತ್ತು. ಕೆಳಗೆಲ್ಲೋ ಕೆಂಡದ ರಾಶಿ ಇದ್ದಂತೆ. ಸೂರ್ಯ ಮುಳುಗಿ ಮೂರು ಗಂಟೆಯಾಗಿತ್ತು; ಅದು ಅವನ ಬೆಳಕಲ್ಲ. ನೀವೇ ಯೋಚಿಸಿ, ಕೋಲಾರದಿಂದ ಪಶ್ಚಿಮಕ್ಕೆ ಯಾವ ಊರಿದೆ? ಬೆಂಗಳೂರು! ಕೃಷ್ಣರಾಜಪುರ, ಇಂದಿರಾನಗರ, ಹಲಸೂರು, ಶಿವಾಜಿನಗರಗಳ ಲಕ್ಷಾಂತರ ದೀಪಗಳ ಬೆಳಕು ಮೇಲಕ್ಕೆ ಹೋಗಿ, ಗಾಳಿಗೂ ದೂಳಿಗೂ ತಗುಲಿ ಚದುರಿ, ಅಷ್ಟು ದೂರಕ್ಕೆ ಕಾಣುತ್ತಿತ್ತು. ಸಂಜೆಗೆ ಬಣ್ಣ ಹಚ್ಚಿದ ಚದುರುವಿಕೆಯೇ ಇಲ್ಲೂ ಕೆಲಸ ಮಾಡುತ್ತಿತ್ತು. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಅದರ ಸಣ್ಣ ಕಣಗಳು ಆಕಾಶದಲ್ಲಿ ಹರಡಿ, ಎಷ್ಟೋ ತಿಂಗಳು ದೂರದೂರದ ದೇಶಗಳಲ್ಲೂ ಸಂಜೆಗಳು ರಕ್ತದಂತೆ ಕೆಂಪಾಗಿದ್ದವು. ನಮ್ಮ ಊರಿನ ಮೇಲೂ ಹೊಗೆ, ದೂಳು ಇದೆಯಲ್ಲವೇ?

ಅವಳು ತಲೆ ಎತ್ತಿ ಕೃತ್ತಿಕೆಯ ನಕ್ಷತ್ರಗಳನ್ನು ಎಣಿಸಿದಳು. ಆರು ಕಂಡವು. "ನಮ್ಮನೆ ತಾರಸಿ ಮೇಲೆ ಇದು ಬರೀ ಮಸುಕು" ಎಂದಳು. ಯಾವುದೋ ಊರಿನ ಬೆಂಕಿಯಂತೆ ಕಾಣುತ್ತಿದ್ದ ಆ ಬೆಳಕೇ ನಮ್ಮ ತಾರಸಿಯ ನಕ್ಷತ್ರಗಳನ್ನು ನುಂಗಿತ್ತು.

ಬೆಳಿಗ್ಗೆ ಆರೂಕಾಲಕ್ಕೆ ಬೆಟ್ಟದ ಪೂರ್ವದ ಅಂಚಿನಲ್ಲಿ ನಿಂತೆವು. ಕೆಳಗೆ ಕೋಲಾರ ಪಟ್ಟಣ ಇಬ್ಬನಿಯಲ್ಲಿ ಮುಳುಗಿತ್ತು. ಫೋನಿನ ಆ ತುದಿಯಲ್ಲಿ ಗೆಳತಿ, ಅವಳ ಸೊಂಟದ ಮೇಲೆ ತಮ್ಮ. ಸೂರ್ಯನ ಮೊದಲ ಅಂಚು ನಮಗೆ ಕಂಡದ್ದು 6 ಗಂಟೆ 42 ನಿಮಿಷಕ್ಕೆ. "ಬಂತು!" ಎಂದು ಇವಳು ಕೂಗಿದಳು. "ಇಲ್ಲಿ ಇನ್ನೂ ಇಲ್ಲ ಕಣೇ" ಎಂದಳು ಅವಳು. ಹಲಸೂರಿನಲ್ಲಿ ಸೂರ್ಯ ಕಂಡದ್ದು 6 ಗಂಟೆ 51 ನಿಮಿಷಕ್ಕೆ. ಒಂಬತ್ತು ನಿಮಿಷ ತಡ!

ಲೆಕ್ಕ ಮಾಡೋಣ ಬನ್ನಿ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಹಲಸೂರಿಗಿಂತ ಕೋಲಾರ ಸುಮಾರು ಅರ್ಧ ಡಿಗ್ರಿ ಪೂರ್ವಕ್ಕಿದೆ. ಹಾಗಾಗಿ 2 ನಿಮಿಷ. ಬೆಟ್ಟ ಸುತ್ತಲಿನ ಬಯಲಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರ. ಎತ್ತರದಲ್ಲಿ ನಿಂತರೆ ದಿಗಂತ ಕೆಳಗೆ ಸರಿಯುತ್ತದೆ, ಸೂರ್ಯ ಬೇಗ ಕಾಣುತ್ತಾನೆ. ಅದಕ್ಕೆ ಇನ್ನೂ ಸುಮಾರು 2 ನಿಮಿಷ. ಉಳಿದ 5 ನಿಮಿಷ? "ನಮ್ಮನೆ ಮುಂದೆ ನಾಲ್ಕು ಮಹಡಿ ಕಟ್ಟಡ ಇದೆಯಲ್ಲ!" ಎಂದು ಗೆಳತಿಯೇ ಉತ್ತರ ಹೇಳಿದಳು.

ಆ ದಿನ ನಾವು ಕೋಲಾರ ಚಿನ್ನದ ಗಣಿಯ ಕಡೆಗೆ ಹೋದೆವು. ಅಲ್ಲಿನ ಪೆದ್ದಪಲ್ಲಿಯ ಹತ್ತಿರ ನಿಜವಾದ ಜ್ವಾಲಾಮುಖಿಯ ಕಲ್ಲುಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕೋಲಾರ ಪ್ರದೇಶದ ಲಾವಾ ಹರಿದದ್ದು ಸುಮಾರು 270 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯಲ್ಲಿ ಮರವಿಲ್ಲ, ಮೀನಿಲ್ಲ, ಡೈನೋಸಾರ್ ಕೂಡ ಇಲ್ಲ. ಇಲ್ಲಿ ಎರಡು ಬಗೆಯ ಸಾಕ್ಷಿಗಳಿವೆ. ಒಂದು, ಸ್ಫೋಟದಲ್ಲಿ ಚಿಮ್ಮಿದ ಚೂರುಗಳು ಒಟ್ಟಾಗಿ ಗಟ್ಟಿಯಾದ ಕಲ್ಲು. ಇನ್ನೊಂದು, ದಿಂಬು ಲಾವಾ. ಲಾವಾರಸ ನೀರಿನೊಳಗೆ ಉಕ್ಕಿದರೆ ಹೊರಮೈ ಕೂಡಲೇ ಗಟ್ಟಿಯಾಗುತ್ತದೆ. ಒಳಗಿನ ರಸ ಅದನ್ನು ಸೀಳಿ ಮುಂದಕ್ಕೆ ಉಬ್ಬುತ್ತದೆ, ಅದೂ ಗಟ್ಟಿಯಾಗುತ್ತದೆ. ಹೀಗೆ ದಿಂಬುಗಳನ್ನು ಪೇರಿಸಿಟ್ಟಂತಾಗುತ್ತದೆ. ಅಂದರೆ ಸಮುದ್ರದಿಂದ ಇಷ್ಟು ದೂರದ ಕೋಲಾರದಲ್ಲಿ ಒಂದು ಕಾಲಕ್ಕೆ ನೀರು ನಿಂತಿತ್ತು!

ಹುಡುಗಿ ಕಲ್ಲನ್ನು ಸವರಿದಳು. ಕಾಲಬುಡದಲ್ಲಿ ಬೆರಳುದ್ದದ ಚೂರೊಂದು ಬಿದ್ದಿತ್ತು. ಬಗ್ಗಿ ಎತ್ತಿಕೊಂಡಳು, ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಳು. "ಬಂದವರೆಲ್ಲ ಒಂದೊಂದು ಒಯ್ದರೆ?" ಎಂದು ತಾನೇ ಕೇಳಿಕೊಂಡು ಇದ್ದಲ್ಲೇ ಇಟ್ಟಳು. ಆಮೇಲೆ ನೋಟುಪುಸ್ತಕ ತೆಗೆದು, ಅಳತೆಗೆಂದು ಬಂಡೆಯ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಕಂಡದ್ದನ್ನೆಲ್ಲ ಚಿತ್ರ ಬರೆದಳು. ಭೂವಿಜ್ಞಾನಿಗಳೂ ಹೀಗೆಯೇ ಮಾಡುತ್ತಾರೆ.

ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬಂಗಾರಪೇಟೆ, ಕೃಷ್ಣರಾಜಪುರ ದಾಟಿ ದಂಡು ರೈಲು ನಿಲ್ದಾಣದಲ್ಲಿ ಇಳಿದೆವು. ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಇದೇ ನಿಲ್ದಾಣಕ್ಕೆ. ನೇರವಾಗಿ ಗೆಳತಿಯ ಮನೆಗೆ ಹೋದೆವು. ಅವಳು ಚಿತ್ರವನ್ನು ಎರಡು ಸಲ ನೋಡಿದಳು. ಆಮೇಲೆ, "ನಾನೂ ಒಂದು ತೋರಿಸ್ತೀನಿ ಬಾರೇ" ಎಂದು ತಾರಸಿಗೆ ಕರೆದೊಯ್ದಳು. ಅಲ್ಲಿದ್ದದ್ದು ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಒಂದು ಚೊಂಬು ನೀರು ಸುರಿದಳು. ಒದ್ದೆಯಾದ ಕಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಒಂದೊಂದಾಗಿ ಎದ್ದು ಕಂಡವು. ಫೋನಿನಲ್ಲಿ ಇವಳು ಹೇಳಿದ್ದನ್ನು ಕೇಳಿಸಿಕೊಂಡು ಅವಳೇ ಹುಡುಕಿದ್ದಳು. "ದಪ್ಪ ಹರಳು. ಇದೂ ಜ್ವಾಲಾಮುಖಿದಲ್ಲ, ಅಲ್ವಾ ಅಂಕಲ್?" ಎಂದಳು. ಬೆಟ್ಟಕ್ಕೆ ಬಾರದ ಹುಡುಗಿ ಬೆಟ್ಟದ ಪಾಠವನ್ನು ಒಗೆಯುವ ಕಲ್ಲಿನಲ್ಲಿ ಓದಿದ್ದಳು.

ಈಗ ನಿಮ್ಮ ಸರದಿ. ನಿಮ್ಮ ಶಾಲೆಯ ಮೆಟ್ಟಿಲು, ಮನೆಯ ಒರಳು, ಹೊಲದ ಬದುವಿನ ಕಲ್ಲು, ಯಾವುದಾದರೂ ಸರಿ. ನೀರು ಸುರಿದು ನೋಡಿ. ಹರಳು ದಪ್ಪವೋ, ಸಣ್ಣದೋ? ವಿಜಯಪುರ, ಕಲಬುರಗಿ, ಬೀದರ್ ಕಡೆಯ ಮಕ್ಕಳಿಗೆ ಕಪ್ಪು ಕಲ್ಲು ಸಿಗಬಹುದು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನಿಮ್ಮ ಎರೆಭೂಮಿಯೂ ಅದರ ಮಗುವೇ. ಉಡುಪಿಯ ಕಡೆಯವರು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳನ್ನು ನೋಡಿ. ಅವೂ ಲಾವಾ ತಣಿದು ಆದವು. ಸೂರ್ಯ ಮುಳುಗಿದ ಮೇಲೆ ಪೂರ್ವಕ್ಕೆ ತಿರುಗಿ ಭೂಮಿಯ ನೆರಳನ್ನು ಹುಡುಕಿ. ಬೇರೆ ಊರಿನ ನೆಂಟರೊಂದಿಗೆ ಸೂರ್ಯೋದಯದ ಹೊತ್ತನ್ನು ಹೋಲಿಸಿ. ಎರಡು ಎಚ್ಚರಿಕೆ: ಮೇಲೇರಿದ ಸೂರ್ಯನನ್ನು ನೇರವಾಗಿ ನೋಡಬೇಡಿ, ಹಿರಿಯರು ಜೊತೆಗಿಲ್ಲದೆ, ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಪಡೆಯದೆ, ಬೆಟ್ಟ ಹತ್ತಬೇಡಿ.

ಯಾರಾದರೂ "ಇದು ಜ್ವಾಲಾಮುಖಿ ಕಲ್ಲು" ಎಂದರೆ ಒಪ್ಪಲೂ ಬೇಡಿ, ನಗಲೂ ಬೇಡಿ. ಒಂದು ಚೊಂಬು ನೀರು ತನ್ನಿ.