ಒಂದು ತಂಬೂರಿ, ನಾಲ್ಕು ಕಿವಿ

ತಳೇಗಾಂವ ದಾಭಾಡೆಯಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಲೋನಾವಳದ ಘಟ್ಟ ದಾಟಿ ಬಂದ ಮೋಡ ನಮ್ಮ ವಸತಿಗೃಹದ ಬಾಲ್ಕನಿಯ ತಗಡಿನ ಮೇಲೆ ರಾತ್ರಿಯಿಡೀ ಸುರಿಯುತ್ತಿರುತ್ತದೆ. ಅಂಥ ರಾತ್ರಿಗಳಲ್ಲಿ ಗಂಡ ಹೆಂಡತಿ ನಾವಿಬ್ಬರೂ ಊಟದ ಮೇಜಿನ ಮೇಲೆ ಎರಡು ಹೆಡ್‌ಫೋನುಗಳನ್ನು ಇಟ್ಟುಕೊಂಡು, ಇದನ್ನು ಉಳಿಸಿಕೊಳ್ಳುವುದೋ ಅದನ್ನು ಕೊಳ್ಳುವುದೋ ಎಂದು ಮೂರು ವಾರ ವಾದಿಸಿದೆವು. ಮನೆ ಸಾಲದ ವಿಷಯದಲ್ಲಿಯೂ ನಾವು ಇಷ್ಟು ಚರ್ಚಿಸಿದವರಲ್ಲ.

ಹಳೆಯದು ಹೈಫೈಮ್ಯಾನ್ ಎಚ್‌ಇ400ಎಸ್‌ಇ. 2021ರಲ್ಲಿ ಮಾರುಕಟ್ಟೆಗೆ ಬಂದದ್ದು, ಮೂರು ವರ್ಷಗಳಿಂದ ನಮ್ಮಲ್ಲಿದೆ. ಹೊಸದು ಫಿಯೋ ಎಫ್‌ಟಿ1 ಪ್ರೊ, 2024ರದು. ಚಿಂಚವಡದ ಸ್ನೇಹಿತರೊಬ್ಬರು ಪರದೇಶಕ್ಕೆ ಹೊರಟವರು, ಬೇಕಾದರೆ ಕಡಿಮೆ ಬೆಲೆಗೆ ಇಟ್ಟುಕೊಳ್ಳಿ ಎಂದು ಕೊಟ್ಟು ಹೋಗಿದ್ದರು. ಎರಡೂ ಪ್ಲೇನಾರ್ ಜಾತಿಯವು. ಸಾಮಾನ್ಯ ಹೆಡ್‌ಫೋನಿನಲ್ಲಿ ತಂತಿಯ ಸುರುಳಿಯೊಂದು ಶಂಕುವಿನಾಕಾರದ ಪೊರೆಯನ್ನು ನಡುವಿನಿಂದ ನೂಕುತ್ತದೆ. ಪ್ಲೇನಾರಿನಲ್ಲಿ ತೆಳುವಾದ ಚಪ್ಪಟೆ ಪೊರೆಯ ಉದ್ದಗಲಕ್ಕೂ ವಾಹಕದ ಗೆರೆಗಳನ್ನು ರಂಗೋಲಿಯಂತೆ ಎಳೆದಿರುತ್ತಾರೆ. ಅಯಸ್ಕಾಂತಗಳ ಎದುರು ಇಡೀ ಪೊರೆ ಒಂದಾಗಿ ಕಂಪಿಸುತ್ತದೆ. ಇದೇನೂ ನಿನ್ನೆಯ ಉಪಾಯವಲ್ಲ, ಜಪಾನಿನ ಯಮಾಹಾ 1976ರಲ್ಲಿಯೇ ಎಚ್‌ಪಿ-1 ಎಂಬುದನ್ನು ಮಾರಿತ್ತು. ನಮ್ಮಂಥ ಸಂಬಳದಾರರ ಕೈಗೆ ಎಟುಕಿದ್ದು ಮಾತ್ರ ಈಚೆಗೆ.

ಕಾಗದದ ಮೇಲೆ ಹೊಸದೇ ಮೇಲು. ಹಳೆಯದರ ಸಂವೇದನೆ 91 ಡೆಸಿಬೆಲ್, ಹೊಸದರದು 95. ನಾಲ್ಕು ಎಂದರೆ ಸಣ್ಣ ಅಂತರವೆನಿಸುತ್ತದೆ. ಆದರೆ ಅದೇ ಗಟ್ಟಿತನಕ್ಕೆ ಹಳೆಯದು ಸುಮಾರು ಎರಡೂವರೆ ಪಟ್ಟು ಶಕ್ತಿ ಬೇಡುತ್ತದೆ. ಅದಕ್ಕಾಗಿಯೇ ಒಂದು ಪುಟ್ಟ ಆಂಪ್ಲಿಫೈಯರನ್ನು ಸಾಕಿಕೊಂಡಿದ್ದೇವೆ. ತೂಕದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ತಲೆಯ ಮೇಲೆ ತೆಂಗಿನಕಾಯಿಯ ಹೋಳಿಟ್ಟಂತೆಯೇ.

ಕಾಗದ ಬಿಟ್ಟು ಕಿವಿಗೆ ಬಂದಾಗ ಜಗಳ ಹುಟ್ಟಿತು. ಪರೀಕ್ಷೆಗೆ ನಾವು ಆರಿಸಿಕೊಂಡದ್ದು ಭೀಮಸೇನ ಜೋಶಿಯವರ ಧ್ವನಿಮುದ್ರಣಗಳನ್ನು. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿ, ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಿಂದ ಇಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸಿದವರು ಅವರು. ಈ ಊರಲ್ಲಿ ಕನ್ನಡಿಗರಿಗೆ ಪರಕೀಯರೆನಿಸದಿರುವುದಕ್ಕೆ ಅವರದೂ ಒಂದು ಕಾರಣ. ಆದರೆ ನಾವು ಕೇಳುತ್ತಿದ್ದುದು ಅವರ ಗಾಯನಕ್ಕಿಂತ ಹೆಚ್ಚಾಗಿ ಹಿಂದಿನ ತಂಬೂರಿಯನ್ನು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ಹತ್ತಿಯ ಎಳೆ ಇಡುತ್ತಾರೆ. ಅದೇ ಜೀವಾಳಿ. ಅದು ಕೂದಲೆಳೆಯಷ್ಟು ಸರಿದರೂ ನಾದ ಸಪ್ಪೆ. ಸರಿಯಾದ ಜಾಗದಲ್ಲಿ ಕುಳಿತರೆ ಮೂಲಸ್ವರದ ಮೇಲೆ ಮೇಲಿನ ಸ್ವರಗಳು ಜೇನುಹುಳುಗಳಂತೆ ಏಳುತ್ತವೆ. ನಾವು ಊರಿಗೆ ಹೋಗುವ ರೈಲು ಮೀರಜನ್ನು ಹಾದು ಹೋಗುತ್ತದೆ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ನಮ್ಮಲ್ಲಿ ಹಿರಿಯರಿಗೆ (ನಾಲ್ಕೇ ವರ್ಷದ ಹಿರಿತನ) ಹಳೆಯದರಲ್ಲಿ ಮಾತ್ರ ಆ ಜೇನುಹುಳುಗಳು ಕೇಳಿಸಿದವು. ಹೊಸದು ಕಂಬಳಿ ಹೊದ್ದು ಹಾಡಿದಂತಿದೆ ಎಂದು ಅವರ ತೀರ್ಪು. ಕಿರಿಯರಿಗೆ ಹಳೆಯದು ಸೂಜಿಯಂತೆ ಚುಚ್ಚುತ್ತಿತ್ತು. ಹೊಸದರಲ್ಲಿ ತಂಬೂರಿಯೂ ಇದೆ, ತಬಲಾದ ಎಡಗೈಯ ಗುಮುರೂ ಇದೆ ಎನ್ನುತ್ತಿದ್ದರು. ವಿಮರ್ಶಕರನ್ನು ಓದಿದೆವು. ಒಬ್ಬರು ಇದನ್ನು ಬೆಚ್ಚಗಿದೆ ಎಂದರೆ, ಮತ್ತೊಬ್ಬರು ಅದನ್ನು ಹೊಳೆಯುತ್ತದೆ ಎಂದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವರಿಗಾದರೂ ಹೊಳೆಯಬೇಕಿತ್ತು: ಶಬ್ದಕ್ಕೆ ಸ್ವಂತ ವಿಶೇಷಣಗಳೇ ಇಲ್ಲದಂತೆ ಎಲ್ಲರೂ ಚರ್ಮದಿಂದಲೂ ಕಣ್ಣಿನಿಂದಲೂ ಸಾಲ ತರುತ್ತಿದ್ದಾರೆ, ಆ ಸಾಲದಿಂದ ನಮ್ಮ ಜಗಳ ತೀರುವುದಿಲ್ಲ.

ತೀರಿಸಿದ್ದು ಆಂಪ್ಲಿಫೈಯರಿನ ಗುಬುಟು. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೆಡ್‌ಫೋನು ದಾಟಿದಾಗಲೆಲ್ಲ ಗುಬುಟೂ ತಿರುಗುತ್ತಿತ್ತು. ಕಿರಿಯರ ಕೈಯಲ್ಲಿ ಅದು ಗಡಿಯಾರದ ಹತ್ತರ ಜಾಗದಲ್ಲಿದ್ದರೆ, ಹಿರಿಯರ ಕೈಯಲ್ಲಿ ಎರಡಕ್ಕೆ ಹೋಗಿ ನಿಲ್ಲುತ್ತಿತ್ತು. ಮೊದಲು ನಕ್ಕೆವು. ಇವೆರಡೂ ಹಿಂಬದಿ ತೆರೆದವು, ಹೊರಗಿನ ಸದ್ದನ್ನು ತಡೆಯಲಾರವು. ತಗಡಿನ ಮೇಲಿನ ಮಳೆ, ಲೋನಾವಳ ಲೋಕಲಿನ ಹಾರ್ನು ಎಲ್ಲ ನೇರವಾಗಿ ಒಳಗೆ ಬರುತ್ತವೆ, ಅದಕ್ಕೇ ಏರಿಸುವುದು ಎಂದು ಸಮಾಧಾನ ಹೇಳಿಕೊಂಡೆವು. ಮಳೆ ನಿಂತ ರಾತ್ರಿಯೂ ಗುಬುಟು ಎರಡಕ್ಕೇ ಹೋದಾಗ ನಗು ಬರಲಿಲ್ಲ.

ಮರುವಾರ ಇಬ್ಬರೂ ಶ್ರವಣ ಪರೀಕ್ಷೆ ಮಾಡಿಸಿಕೊಂಡೆವು. ಕಿರಿಯರ ರೇಖೆ ನೆಟ್ಟಗಿತ್ತು. ಹಿರಿಯರದು 4,000 ಹರ್ಟ್ಸ್‌ನ ಬಳಿ ಕೆರೆಗೆ ಇಳಿದಂತೆ ಇಳಿದಿತ್ತು, ಎಡಗಿವಿಯಲ್ಲಿ ಹೆಚ್ಚು. ಸದ್ದಿನಿಂದ ಕಿವಿ ಸವೆದರೆ ಸಾಮಾನ್ಯವಾಗಿ ಮೊದಲು ತಗ್ಗುವುದು ಆ ಜಾಗವೇ ಅಂತೆ. ಜನರೇಟರು ಪಕ್ಕದಲ್ಲೇ ಇದ್ದೀತೇ ಎಂದು ಕೇಳಿದರು. ಇತ್ತು, ಹಿಂದಿನ ಒಂದು ಊರಿನ ನೌಕರಿಯಲ್ಲಿ, ಆರು ವರ್ಷ, ಎಡಗಡೆಯ ಗೋಡೆಯಾಚೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಿರಿ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90ರಲ್ಲಾದರೆ ನಾಲ್ಕೇ ಗಂಟೆ. ಎರಡರ ಜಾಗ ಎಷ್ಟು ಡೆಸಿಬೆಲ್ಲೋ ಅಳೆಯುವ ಧೈರ್ಯ ನಮಗಾಗಲಿಲ್ಲ.

ಚುಚ್ಚುವ ಹೆಡ್‌ಫೋನು ಒಬ್ಬರಿಗೆ ಸಿಹಿಯಾದದ್ದು ಏಕೆಂದು ಆಗ ತಿಳಿಯಿತು. ಮೂರು ವಾರ ನಾವು ತೂಗಿ ನೋಡುತ್ತಿದ್ದುದು ಹೆಡ್‌ಫೋನುಗಳನ್ನಲ್ಲ.

ಹಳೆಯದನ್ನೇ ಉಳಿಸಿಕೊಂಡೆವು. ಅದು ಮೇಲು ಎಂದಲ್ಲ. ಮೇಲಿನ ಸ್ವರಗಳನ್ನು ತುಸು ಎತ್ತಿ ಕೊಡುವುದರಿಂದ ಹಿರಿಯರು ಗುಬುಟನ್ನು ಕಡಿಮೆಯಿಟ್ಟೂ ತಂಬೂರಿ ಕೇಳಿಸಿಕೊಳ್ಳಬಲ್ಲರು. ಕಿರಿಯರು ತಮಗೆ ಇಷ್ಟವಾದುದನ್ನು ಬಿಟ್ಟುಕೊಟ್ಟರು. ಬೇಡ ಎಂದರೂ ಕೇಳಲಿಲ್ಲ. ಹೊಸದನ್ನು ಭಾನುವಾರದ ಲೋಕಲಿನಲ್ಲಿ ಚಿಂಚವಡಕ್ಕೆ ಒಯ್ದು ಸ್ನೇಹಿತರ ಮನೆಯವರ ಕೈಗೆ ಕೊಟ್ಟು ಬಂದೆವು. ಅದಕ್ಕೆಂದು ತೆಗೆದಿರಿಸಿದ್ದ ಹಣ ಮುಂದಿನ ವರ್ಷದ ಪರೀಕ್ಷೆಗೂ, ಬೇಕಾದರೆ ಶ್ರವಣ ಸಾಧನಕ್ಕೂ ಇರಲಿ ಎಂದು ಹಾಗೇ ಇದೆ.

ಗುಬುಟಿನ ಸುತ್ತ, ಹನ್ನೆರಡರ ಜಾಗದಲ್ಲಿ, ಉಗುರುಬಣ್ಣದ ಒಂದು ಕೆಂಪು ಗೆರೆ ಬಿದ್ದಿದೆ. ಮಳೆಯ ರಾತ್ರಿ ಕೆಲವೊಮ್ಮೆ ಆ ಗೆರೆಯ ಬಳಿ ಬಂದು ಕೈ ನಿಲ್ಲುತ್ತದೆ. ತಂಬೂರಿ ಇದೆಯೇ ಎಂದು ಒಬ್ಬರು ಕೇಳುತ್ತೇವೆ. ಇನ್ನೊಬ್ಬರು ಹೆಡ್‌ಫೋನನ್ನು ಇಸಿದುಕೊಂಡು, ಕಿವಿಗಿಟ್ಟು, ಇದೆ ಎನ್ನುತ್ತೇವೆ.