ಚಾನೆಲ್ 16

ಸುಮಾತ್ರಾದ ಬಳಿ ಭೂಮಿ ನಡುಗಿದ್ದು 2004ರ ಡಿಸೆಂಬರ್ 26, ಭಾನುವಾರ, ನಮ್ಮ ಬೆಳಗಿನ ಆರೂವರೆಗೆ. ಚೆನ್ನೈ ಮರೀನಾಕ್ಕೆ ನೀರು ನುಗ್ಗಿದ್ದು ಒಂಬತ್ತರ ಸುಮಾರಿಗೆ. ನಡುವೆ ಎರಡು ತಾಸಿಗೂ ಮೇಲೆ ಸಮಯವಿತ್ತು ನೋಡಿ! ಫೋನು, ಟಿವಿ, ವೈರ್‌ಲೆಸ್ಸು ಎಲ್ಲ ಇದ್ದವು. ಹೇಳುವ ಏರ್ಪಾಡು ಇರಲಿಲ್ಲ. ಮಲ್ಪೆ ಕಡೆಯಿಂದ ವರ್ಗವಾಗಿ ಬಂದ ನನಗೆ ಕಡಲು ಹೊಸದಲ್ಲ, ಆ ಎರಡು ತಾಸು ಮಾತ್ರ ಇನ್ನೂ ಕಾಡುತ್ತದೆ.

ನಮ್ಮ ಶಾಖೆಯಲ್ಲಿ ದೋಣಿ ಸಾಲ ಪಡೆದಿದ್ದ ಕಾಸಿಮೇಡಿನ ಮೀನುಗಾರರೊಬ್ಬರು ಆಗ ಆಳ ಸಮುದ್ರದಲ್ಲಿದ್ದರು. "ನಮಗೇನೂ ಗೊತ್ತೇ ಆಗಲಿಲ್ಲ ಸಾರ್, ದಡಕ್ಕೆ ಬಂದರೆ ಮನೆಯೇ ಇಲ್ಲ" ಅಂದರು. ಆಳದಲ್ಲಿ ಈ ಅಲೆ ವಿಮಾನದ ವೇಗದಲ್ಲಿ ಓಡಿದರೂ ಎತ್ತರ ಒಂದು ಮೀಟರಿಗಿಂತ ಕಡಿಮೆಯೇ; ಏಳುವುದು ತೀರದ ಹತ್ತಿರ. ಹಾಗಾಗಿ ಹಡಗಿನವರು ಕಣ್ಣಾರೆ ಕಂಡು ರೇಡಿಯೋದಲ್ಲಿ ಎಚ್ಚರಿಸುತ್ತಾರೆ ಅನ್ನೋದು ಆಗದ ಮಾತು. ಅಲೆಯನ್ನು ಹಿಡಿಯುವ ಕೆಲಸ ಕಡಲ ತಳದ ಒತ್ತಡಮಾಪಕಗಳದ್ದು. ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ 2007ರಿಂದ ಅದಕ್ಕೊಂದು ಕೇಂದ್ರವಿದೆ.

ಹಡಗಿನ ರೇಡಿಯೋ ಬೇಕಾಗುವುದು ಆ ಸುದ್ದಿ ಮುಟ್ಟಿಸಲಿಕ್ಕೆ. ದೊಡ್ಡ ಹಡಗುಗಳಲ್ಲಿ ನ್ಯಾವ್‌ಟೆಕ್ಸ್ ಯಂತ್ರ 518 ಕಿಲೋಹರ್ಟ್ಸ್‌ನಲ್ಲಿ ಬಂದ ಎಚ್ಚರಿಕೆಯನ್ನು ತಾನಾಗಿ ಇಂಗ್ಲಿಷಿನಲ್ಲಿ ಮೂಡಿಸುತ್ತದೆ. ಸಣ್ಣ ದೋಣಿಗೆ ಅದೆಲ್ಲಿ? ಅಲ್ಲಿ ಇದ್ದರೆ ಒಂದು ವಿಎಚ್‌ಎಫ್ ಸೆಟ್. ಅಪಾಯದ ಕರೆಗೆ ಚಾನೆಲ್ 16. ಸಾಲದ ಕೊಟೇಶನ್ನುಗಳಲ್ಲಿ ಎಂಜಿನ್, ಬಲೆ, ಐಸ್ ಪೆಟ್ಟಿಗೆ ಮೇಲಿರುತ್ತಿದ್ದವು, ಸೆಟ್ಟು ಕೊನೆಯ ಸಾಲಿನಲ್ಲಿ. ದುಡ್ಡು ಸಾಲದಾದಾಗ ಮೊದಲು ಹೊಡೆದುಹಾಕುತ್ತಿದ್ದ ಬಾಬತ್ತೂ ಅದೇ. ಅದರಿಂದ ವರಮಾನ ತೋರಿಸಲು ಬರುವುದಿಲ್ಲವಲ್ಲ!

ಹೊರಗಿರುವ ದೋಣಿಗೆ ಹೇಳಬೇಕಾದ್ದು ಒಂದೇ ಮಾತು: ಈಗ ಬಂದರಿಗೆ ಬರಬೇಡಿ, ಆಳದಲ್ಲೇ ನಿಲ್ಲಿ. ಆದರೆ ಹೆಂಡತಿ ಮಕ್ಕಳು ದಡದಲ್ಲಿರುವಾಗ ಯಾರು ನಿಂತಾರು? ಪುದುಚೇರಿಯ ನಲ್ಲವಾಡು ಎಂಬ ಹಳ್ಳಿಗೆ ಅಂದು ಸಿಂಗಪುರದಲ್ಲಿದ್ದ ಊರಿನ ಹುಡುಗ ಟಿವಿ ನೋಡಿ ಫೋನ್ ಮಾಡಿದ. ಜನ ಧ್ವನಿವರ್ಧಕದಲ್ಲಿ ಕೂಗಿ ಊರನ್ನೇ ಖಾಲಿ ಮಾಡಿಸಿದರು. ದಡದಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೆ ಕಡಲಿನ ರೇಡಿಯೋ ಅರ್ಧ ಕೆಲಸವಷ್ಟೇ ಮಾಡೀತು ಅಂತ ನನ್ನ ಎಣಿಕೆ.

ಕಾಸಿಮೇಡಿನವರನ್ನು ಆಮೇಲೊಮ್ಮೆ ಕೇಳಿದ್ದೆ, ಸೆಟ್ಟಿನಲ್ಲಿ ಹೇಳಿದರೆ ಹೊರಗೇ ನಿಲ್ಲುತ್ತೀರಾ ಅಂತ. "ಮನೆಯವರು ಎತ್ತರದ ಜಾಗ ಸೇರಿದ್ದಾರೆ ಅಂತ ನಮ್ಮ ತಮಿಳಿನಲ್ಲಿ, ನಮಗೆ ಗೊತ್ತಿರೋ ದನಿ ಹೇಳಿದ್ರೆ ನಿಲ್ತೀನಿ ಸಾರ್. ಇಲ್ಲಾಂದ್ರೆ ಇಲ್ಲ."